ಲಾಕ್ ಇರುವ ಜಲಮಾರ್ಗದಲ್ಲಿ ಮೊದಲ ಮೋಟಾರು ದೋಣಿ ಯಾನ: ಮಂಗಳೂರಿನ ಕಲಿಕೆದಾರರಿಗೆ ಟಿಪ್ಪಣಿ

ಫಲ್ಗುಣಿ ಹೊಳೆಯಲ್ಲಿ ಸುಲ್ತಾನ್ ಬತ್ತೇರಿಯಿಂದ ಕೂಳೂರು ಸೇತುವೆವರೆಗೆ ದೋಣಿ ಓಡಿಸಿ ಕೈ ಪಳಗಿದವರಿಗೆ ಮುಂದಿನ ಪಾಠವಾಗಿ ಕೇರಳದ ರಾಷ್ಟ್ರೀಯ ಜಲಮಾರ್ಗ 3 ತುಂಬ ಒಪ್ಪುತ್ತದೆ. ಅಳಿವೆ ದಾಟುವ ಆತಂಕವಿಲ್ಲ, ಕಡಲ ತೆರೆಯಿಲ್ಲ, ದಡ ಸಾಮಾನ್ಯವಾಗಿ ಕಣ್ಣಳತೆಯಲ್ಲೇ ಇರುತ್ತದೆ. ಆದರೆ ನಮ್ಮ ಹೊಳೆಗಳಲ್ಲಿ ಕಾಣಸಿಗದ ಒಂದು ಕಟ್ಟಡ ಅಲ್ಲಿ ದಾರಿಗೆ ಅಡ್ಡ ನಿಂತಿರುತ್ತದೆ: ಲಾಕ್. ಮೊದಲ ಸಲ ಯೋಜನೆ ಹಾಕುವವರು ಇಂಜಿನು, ವೇಗ, ಊಟ, ತಂಗುವ ಜಾಗ ಎಲ್ಲವನ್ನೂ ಬರೆದುಕೊಂಡು ಕೊನೆಗೆ 'ದಾರಿಯಲ್ಲಿ ಒಂದು ಲಾಕ್ ಸಿಗುತ್ತದೆ' ಎಂದು ಸೇರಿಸುತ್ತಾರೆ. ಆ ಕ್ರಮ ತಲೆಕೆಳಗು. ಲಾಕ್ ದಾಟುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಕಿಂಡಿ ಅಣೆಕಟ್ಟು ಬೇರೆ, ಲಾಕ್ ಬೇರೆ

ಮಂಗಳೂರಿಗೆ ಕುಡಿಯುವ ನೀರು ಕೊಡುವ ನೇತ್ರಾವತಿಯ ತುಂಬೆ ಅಣೆಕಟ್ಟನ್ನು ನೆನೆಯಿರಿ. ಅಲ್ಲಿ ಗೇಟು ಹಾಕಿ 6 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಕೆಳಗಿನಿಂದ ಬಂದ ದೋಣಿಗೆ ಅಲ್ಲಿಗೆ ದಾರಿ ಮುಗಿಯಿತು. ಉಡುಪಿಗೆ ನೀರುಣಿಸುವ ಸ್ವರ್ಣಾ ನದಿಯ ಬಜೆಯಲ್ಲೂ ಅಷ್ಟೇ. ಕಿಂಡಿಯ ಕೆಲಸ ನೀರನ್ನು ಹಿಡಿಯುವುದು, ಬೇಡವಾದಾಗ ಬಿಡುವುದು. ದೋಣಿಯ ಗೊಡವೆ ಅದಕ್ಕಿಲ್ಲ.

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಉದ್ದನೆಯ ತೊಟ್ಟಿ. ಒಂದು ಬಾಗಿಲು ಮೇಲಿನ ನೀರಿನ ಕಡೆಗೆ, ಇನ್ನೊಂದು ಕೆಳಗಿನ ನೀರಿನ ಕಡೆಗೆ. ಎರಡೂ ಒಟ್ಟಿಗೆ ತೆರೆಯುವುದಿಲ್ಲ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಸಣ್ಣ ತೂಬಿನ ಮೂಲಕ ತೊಟ್ಟಿಗೆ ನೀರು ತುಂಬಿಸುತ್ತಾರೆ ಅಥವಾ ಖಾಲಿ ಮಾಡುತ್ತಾರೆ. ಒಳಗಿನ ಮಟ್ಟ ಮುಂದಿನ ನೀರಿಗೆ ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಇದಕ್ಕೆ ಪಂಪು ಬೇಡ, ನೀರಿನ ತೂಕವೇ ಸಾಕು.

ಎಷ್ಟು ನೀರು ಎಂಬುದನ್ನು ಒಮ್ಮೆ ಲೆಕ್ಕ ಹಾಕಿದರೆ ಭಯಭಕ್ತಿ ಎರಡೂ ಬರುತ್ತದೆ. 40 ಮೀಟರ್ ಉದ್ದ, 8 ಮೀಟರ್ ಅಗಲದ ತೊಟ್ಟಿ, ಎರಡು ಕಡೆಯ ಮಟ್ಟದ ವ್ಯತ್ಯಾಸ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ಬದಲಾಗುವ ನೀರು 192 ಘನ ಮೀಟರ್, ಅಂದರೆ 1,92,000 ಲೀಟರ್. ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 16 ಟ್ಯಾಂಕರ್. ಅಷ್ಟೂ ನೀರು ಎಂಟು ಹತ್ತು ನಿಮಿಷದಲ್ಲಿ ನಿಮ್ಮ ದೋಣಿಯ ಅಡಿಯಲ್ಲೇ ಹಾದುಹೋಗುತ್ತದೆ.

ಬಾಗಿಲನ್ನು ಮೊದಲೇ ಯಾಕೆ ತೆರೆಯುವುದಿಲ್ಲ ಎಂದು ಚಡಪಡಿಸುವವರಿಗೆ ಇನ್ನೊಂದು ಲೆಕ್ಕ. 4 ಮೀಟರ್ ಅಗಲದ ಒಂದು ಕದ, ನೀರಿನ ಆಳ 2.5 ಮೀಟರ್. ಎರಡು ಬದಿಯ ಮಟ್ಟದಲ್ಲಿ ಬರೀ 10 ಸೆಂ.ಮೀ. ವ್ಯತ್ಯಾಸ ಉಳಿದಿದ್ದರೂ ಆ ಕದದ ಮೇಲೆ ಸುಮಾರು ಒಂದು ಟನ್ ಭಾರ ಬೀಳುತ್ತದೆ. ಕಣ್ಣಿಗೆ ಮಟ್ಟ ಸರಿಯಾದಂತೆ ಕಂಡರೂ ಲಾಕ್ ನೋಡಿಕೊಳ್ಳುವವರು ಸುಮ್ಮನೆ ನಿಂತಿದ್ದರೆ, ಅವರು ಕಾಯುತ್ತಿರುವುದು ಆ ಕೊನೆಯ ನಾಲ್ಕು ಬೆರಳಿಗೆ.

ದಾರಿ ಮತ್ತು ಕಾಲ

ರಾಷ್ಟ್ರೀಯ ಜಲಮಾರ್ಗ 3 ಎಂದು 1993ರಲ್ಲಿ ಘೋಷಣೆಯಾದ ದಾರಿ ಕೊಲ್ಲಂನಿಂದ ಕೋಟ್ಟಪ್ಪುರಂವರೆಗೆ 168 ಕಿ.ಮೀ.; ಚಂಪಕ್ಕರ ಮತ್ತು ಉದ್ಯೋಗಮಂಡಲ ಕಾಲುವೆಗಳನ್ನು ಸೇರಿಸಿದರೆ 205 ಕಿ.ಮೀ. ಮೊದಲ ಯಾನಕ್ಕೆ ಕೊಲ್ಲಂನಿಂದ ಆಲಪ್ಪುಳದವರೆಗಿನ ಸುಮಾರು 85 ಕಿ.ಮೀ. ಧಾರಾಳ ಸಾಕು. ಅಷ್ಟಮುಡಿ ಕಾಯಲಿನಿಂದ (ಕಾಯಲು ಎಂದರೆ ಹಿನ್ನೀರು) ಹೊರಟು, ಕಾಯಂಕುಳಂ ಕಾಯಲು ದಾಟಿ, ತೃಕ್ಕುನ್ನಪ್ಪುಳದ ಲಾಕ್ ಹಾಯ್ದು, ತೋಟ್ಟಪ್ಪಳ್ಳಿಯ ಒಳಬದಿಯಿಂದ ಆಲಪ್ಪುಳ ಸೇರುವ ದಾರಿ ಇದು.

ಮಳೆಗಾಲ ಬೇಡವೇ ಬೇಡ. ಕುಟ್ಟನಾಡಿನ ನೆರೆನೀರನ್ನು ಕಡಲಿಗೆ ಬಿಡಲೆಂದೇ ತೋಟ್ಟಪ್ಪಳ್ಳಿಯಲ್ಲಿ ಸ್ಪಿಲ್‌ವೇ ಕಟ್ಟಿರುವುದು. ಅದರ ಶಟರ್ ತೆರೆದಿರುವಾಗ ನೀರೆಲ್ಲ ಪಡುವಣಕ್ಕೆ ಎಳೆಯುತ್ತದೆ. ಇಂಜಿನು ಕೈಕೊಟ್ಟ ದೋಣಿಗೆ ಆ ಸೆಳೆತದಲ್ಲಿ ಹಿಡಿದುಕೊಳ್ಳಲು ಏನೂ ಸಿಗದು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಆಲಪ್ಪುಳದಿಂದ ಕೊಚ್ಚಿಯವರೆಗೂ ಹೋಗುವ ಆಸೆಯಿದ್ದರೆ ತಣ್ಣೀರ್‌ಮುಕ್ಕಂ ಬಂಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಸಾಮಾನ್ಯವಾಗಿ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಅದರ ಶಟರ್‌ಗಳನ್ನು ಇಳಿಸುತ್ತಾರೆ. ನಮ್ಮ ಕರಾವಳಿಯ ಉಪ್ಪುನೀರು ತಡೆ ಅಣೆಕಟ್ಟುಗಳದೇ ಉದ್ದೇಶ, ಅಳತೆ ಮಾತ್ರ ದೊಡ್ಡದು. ಶಟರ್ ಇಳಿದ ತಿಂಗಳುಗಳಲ್ಲಿ ದೋಣಿ ಲಾಕ್ ಮೂಲಕವೇ ಹೋಗಬೇಕು. ಅಲ್ಲಿನ ವೇಂಬನಾಡು ಕಾಯಲು ಅಗಲ. ಮಧ್ಯಾಹ್ನದ ಕಡಲಗಾಳಿಗೆ ಗಿಡ್ಡ, ಚೂಪು ಅಲೆ ಏಳುತ್ತದೆ. ಬೆಳಿಗ್ಗೆ 11ರೊಳಗೆ ದಾಟಿಬಿಡುವುದೇ ಲೇಸು.

ಸಮಯ ಮತ್ತು ಪೆಟ್ರೋಲು

6 ಮೀಟರಿನ ಫೈಬರ್ ದೋಣಿ, 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಇಂಜಿನು) ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಪೂರ್ತಿ ಥ್ರಾಟಲ್‌ನಲ್ಲಿ ಈ ಇಂಜಿನು ಗಂಟೆಗೆ 20 ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಕಾಲುವೆಯಲ್ಲಿ ಗಂಟೆಗೆ 10 ಕಿ.ಮೀ. ದಾಟದಂತೆ ಹೋದರೆ 5 ಲೀಟರ್ ಹಿಡಿಯಬಹುದು. 85 ಕಿ.ಮೀ.ಗೆ ಎಂಟೂವರೆ ಗಂಟೆ, 43 ಲೀಟರ್. ಅದರ ಅರ್ಧದಷ್ಟು ಮೀಸಲು ಸೇರಿಸಿ 65 ಲೀಟರ್ ಜೊತೆಗಿರಲಿ. ಗಂಟೆಗೆ 15ರಿಂದ 18 ಕಿ.ಮೀ. ವೇಗ ಎಲ್ಲಕ್ಕಿಂತ ಕೆಟ್ಟದ್ದು: ಮೂತಿ ಮೇಲೆದ್ದು ಹಿಂಭಾಗ ನೀರಿನಲ್ಲಿ ಹೂತಿರುತ್ತದೆ, ಪೆಟ್ರೋಲು ಸುರಿಯುತ್ತದೆ, ಎದ್ದ ಅಲೆ ದಡದ ಮನೆಗಳ ಮೆಟ್ಟಿಲಿಗೂ ಪಾತ್ರೆ ತೊಳೆಯುತ್ತ ಕೂತವರಿಗೂ ಬಡಿಯುತ್ತದೆ. ಆ ನೀರು ಅವರ ಅಂಗಳ ಎಂಬುದನ್ನು ಮರೆಯಬಾರದು.

ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಬಹಳಷ್ಟು ಔಟ್‌ಬೋರ್ಡ್‌ಗಳ ಕೈಪಿಡಿಯಲ್ಲಿ ಶೇ. 10ರ ಮಿತಿ ಬರೆದಿರುತ್ತದೆ. ನಿಮ್ಮದರಲ್ಲಿ ಏನಿದೆ ಓದಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ವಾರಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರೂ ಎಥನಾಲೂ ಬೇರೆಯಾಗಿ ತಳಕ್ಕಿಳಿಯುತ್ತವೆ, ಇಂಜಿನು ಮೊದಲು ಎಳೆದುಕೊಳ್ಳುವುದು ಅದನ್ನೇ. ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ, ಒಂದು ಹೆಚ್ಚುವರಿ ಕೂಡ ಇರಲಿ. ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲು ಹಾಕದ ಬಂಕ್‌ಗಳೇ ಹೆಚ್ಚು, ಆದ್ದರಿಂದ ತುಂಬಿಸುವ ಏರ್ಪಾಡು ಹೊರಡುವ ಮೊದಲೇ ಆಗಬೇಕು.

ಎಂಟೂವರೆ ಗಂಟೆ, ಲಾಕ್‌ಗೆ ಒಂದು ಗಂಟೆ, ಊಟ, ಇಂಜಿನಿಗೆ ಸಿಕ್ಕಿದ ಕಸ ಬಿಡಿಸುವ ಕೆಲಸ ಎಲ್ಲ ಸೇರಿದರೆ ಒಂದು ದಿನಕ್ಕೆ ಹೆಚ್ಚಾಯಿತು. ಎರಡು ದಿನ ಮಾಡಿ, ಲಾಕ್ ಎರಡನೇ ದಿನದ ಬೆಳಿಗ್ಗೆ ಬರಲಿ. ಬಾಗಿಲು ತೆರೆಯುವ ಹೊತ್ತನ್ನು ಹಿಂದಿನ ದಿನವೇ ಅಲ್ಲಿಯವರ ಬಾಯಿಂದಲೇ ಕೇಳಿಕೊಳ್ಳಿ. ಮಲಯಾಳಂ ಅಥವಾ ಬ್ಯಾರಿ ಮಾತಾಡುವ ಒಬ್ಬರು ದೋಣಿಯಲ್ಲಿದ್ದರೆ, 'ಚೇಟ್ಟಾ' (ಅಣ್ಣಾ) ಎಂದು ಕರೆದು ಕೇಳಿದರೆ, ಅರ್ಧ ಕೆಲಸ ಸಲೀಸು. ಸಂಜೆ 5ಕ್ಕೆ ಎಲ್ಲಿದ್ದರೂ ದೋಣಿ ಕಟ್ಟಿ. ಹೌಸ್‌ಬೋಟ್‌ಗಳು ಕೂಡ ಐದೂವರೆ ಸುಮಾರಿಗೆ ನಿಲ್ಲುತ್ತವೆ, ಆಮೇಲೆ ಮೀನುಗಾರರ ಬಲೆ ಬೀಳುವ ಹೊತ್ತು.

ಲಾಕ್ ಒಳಗೆ

ಬೇಕಾದ ಸಾಮಾನು ಕಡಿಮೆ: 12 ಮಿ.ಮೀ. ದಪ್ಪದ, 12 ಮೀಟರ್ ಉದ್ದದ ಎರಡು ಹಗ್ಗ, ಪ್ರತಿ ಬದಿಗೆ ಮೂರು ಫೆಂಡರ್ (ಗೋಡೆಗೆ ಉಜ್ಜದಂತೆ ದೋಣಿಯ ಪಕ್ಕ ತೂಗುಬಿಡುವ ಮೆತ್ತೆ), ಒಂದು ಕೊಕ್ಕೆ ಕೋಲು, ಕೈಗೆಟಕುವಲ್ಲಿ ಹರಿತವಾದ ಚೂರಿ. ಹಗ್ಗ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಲಿ. ಬಂದರಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ತೇಲುವ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸಿಬಿರು ಬಿಟ್ಟು ಅಂಗೈ ಕೊರೆಯುತ್ತದೆ, ಗೂಟದ ಮೇಲೆ ಜಾರುತ್ತದೆ.

ಸುಮಾರು 100 ಮೀಟರ್ ದೂರದಲ್ಲೇ ನಿಧಾನಿಸಿ, ಒಂದು ದೀರ್ಘ ಹಾರ್ನ್ ಹಾಕಿ, ಬದಿಗೆ ನಿಲ್ಲಿ. ಒಳಗಿನಿಂದ ಬರುವವರು ಪೂರ್ತಿ ಹೊರಬಂದ ಮೇಲೆ ನಿಮ್ಮ ಸರದಿ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡಿರಲಿ, ಫೆಂಡರ್ ಎರಡೂ ಬದಿಗೆ ಇಳಿದಿರಲಿ; ಯಾವ ಗೋಡೆ ಪಾಲಿಗೆ ಬರುತ್ತದೋ ಮೊದಲೇ ಹೇಳಲಾಗದು. ನಡಿಗೆಯ ವೇಗದಲ್ಲಿ ಒಳಗೆ ಹೋಗಿ. ಔಟ್‌ಬೋರ್ಡ್ ನ್ಯೂಟ್ರಲ್‌ನಲ್ಲಿದ್ದಾಗ ದೋಣಿ ಸ್ಟೀರಿಂಗ್ ಚಕ್ರದ ಮಾತು ಕೇಳುವುದಿಲ್ಲ. ಹಾಗಾಗಿ ಮೊದಲು ಚಕ್ರ ತಿರುಗಿಸಿ, ಆಮೇಲೆ ಅರೆಕ್ಷಣ ಗೇರು ಹಾಕಿ, ಮತ್ತೆ ನ್ಯೂಟ್ರಲ್. ದೊಡ್ಡ ದೋಣಿ ಜೊತೆಗಿದ್ದರೆ ಅದು ಮುಂದೆ, ನೀವು ಹಿಂದೆ.

ಹಗ್ಗದ ಒಂದು ತುದಿ ದೋಣಿಯ ಕ್ಲೀಟಿಗೆ (ಹಗ್ಗ ಸುತ್ತಿ ಕಟ್ಟುವ ಕೊಂಬು), ನಡು ದಂಡೆಯ ಗೂಟದ ಹಿಂದಿನಿಂದ ಬಳಸಿ, ಇನ್ನೊಂದು ತುದಿ ನಿಮ್ಮ ಕೈಗೆ. ಮುಂದೊಬ್ಬರು, ಹಿಂದೊಬ್ಬರು. ಕೈಯಲ್ಲಿರುವ ತುದಿಗೆ ಎಂದೂ ಗಂಟು ಹಾಕಬೇಡಿ. ದಕ್ಕೆಯಲ್ಲಿ ಉಬ್ಬರದ ಹೊತ್ತಿಗೆ ಬಿಗಿಯಾಗಿ ಕಟ್ಟಿ ಹೋದ ದೋಣಿ ಇಳಿತದಲ್ಲಿ ಒಂದು ಮಗ್ಗುಲು ನೇತಾಡುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಮಂಗಳೂರಿನಲ್ಲಿ 1.2 ಮೀಟರ್ ಇಳಿಯುವ ದಿನ ಮೂರನೇ, ನಾಲ್ಕನೇ ಗಂಟೆಯಲ್ಲಿ ತಲಾ 30 ಸೆಂ.ಮೀ. ಇಳಿಯುತ್ತದೆ, ಅಂದರೆ 60 ಸೆಂ.ಮೀ.ಗೆ ಎರಡು ಗಂಟೆ. ಲಾಕ್‌ನಲ್ಲಿ ಅದೇ 60 ಸೆಂ.ಮೀ. ಎಂಟು ನಿಮಿಷದಲ್ಲಿ ಮುಗಿಯುತ್ತದೆ, ಹದಿನೈದು ಪಟ್ಟು ಬೇಗ. ನೀರು ಇಳಿಯುವಾಗ ಹಗ್ಗ ಬಿಡುತ್ತ ಹೋಗಿ, ಏರುವಾಗ ಸಡಿಲವನ್ನು ಎಳೆದುಕೊಳ್ಳುತ್ತ ಬನ್ನಿ. ಹಗ್ಗ ಸಿಕ್ಕಿಕೊಂಡು ದೋಣಿ ವಾಲತೊಡಗಿದರೆ ಬಿಡಿಸಲು ಹೆಣಗಬೇಡಿ, ಕತ್ತರಿಸಿ.

ಏರುವಾಗ ಮುಂದಿನ ಬಾಗಿಲಿನಿಂದ ದೂರವಿರಿ, ತೂಬಿನ ನೀರು ಅಲ್ಲೇ ಕುದಿಯುವುದು. ಇಳಿಯುವಾಗ ಹಿಂದಿನ ಬಾಗಿಲಿನಿಂದ ದೂರವಿರಿ: ಮೇಲಿನ ಬಾಗಿಲ ಬುಡದಲ್ಲಿ ಕಾಂಕ್ರೀಟಿನ ಹೊಸ್ತಿಲು ಇರುತ್ತದೆ, ನೀರು ತುಂಬಿದಾಗ ಕಾಣುವುದಿಲ್ಲ. ಔಟ್‌ಬೋರ್ಡಿನ ಕಾಲು ಅದರ ಮೇಲೆ ಕೂತರೆ ಮೂತಿ ಮಾತ್ರ ಇಳಿಯುತ್ತ ಹೋಗುತ್ತದೆ. ಏರಿಳಿತ ಕಡಿಮೆಯಿರುವ ಲಾಕ್‌ನಲ್ಲಿ ಈ ಅಪಾಯ ಸಣ್ಣದು, ಆದರೂ ಅಭ್ಯಾಸ ಇಲ್ಲಿಯೇ ಆಗಬೇಕು. ಗೋಡೆಗೆ ತಾಗದಂತೆ ಕೈಯಿಂದಲೋ ಕಾಲಿನಿಂದಲೋ ಒದೆಯಲು ಹೋಗಬೇಡಿ. ಒಂದೂವರೆ ಟನ್ ದೋಣಿ ನಿಧಾನವಾಗಿ ಬಂದರೂ ಮೂಳೆ ಉಳಿಯದು. ಫೆಂಡರ್ ಇರುವುದು ಅದಕ್ಕೇ.

ಉಪ್ಪು ಮತ್ತು ಸಿಹಿನೀರಿನ ನಡುವಿನ ಲಾಕ್‌ಗೆ ಒಂದು ವಿಶೇಷ ಗುಣವಿದೆ. ಮಟ್ಟ ಪೂರ್ತಿ ಸಮವಾಗಿ ಬಾಗಿಲು ತೆರೆದ ಮೇಲೂ ನೀರು ಚಲಿಸುತ್ತದೆ. ಕಡಲನೀರು ಸಿಹಿನೀರಿಗಿಂತ ಸುಮಾರು ಶೇ. 2.5 ಭಾರ, ಅದು ತಳದಲ್ಲಿ ಸಿಹಿನೀರಿನ ಕಡೆಗೆ ನುಸುಳುತ್ತದೆ, ಹಗುರವಾದದ್ದು ಮೇಲ್ಗಡೆ ಉಪ್ಪಿನ ಕಡೆಗೆ ಹರಿಯುತ್ತದೆ. ಎರಡೂವರೆ ಮೀಟರ್ ಆಳದಲ್ಲಿ ಈ ಹರಿವು ಸೆಕೆಂಡಿಗೆ 40 ಸೆಂ.ಮೀ.ವರೆಗೂ ಹೋಗಬಹುದು, ನೀರು ಅರೆ ಉಪ್ಪಾಗಿದ್ದರೆ ಅದಕ್ಕಿಂತ ಕಡಿಮೆ. ಬಾಗಿಲು ತೆರೆದ ಕೂಡಲೇ ಹಗ್ಗ ಬಿಟ್ಟವರ ದೋಣಿ ಅಡ್ಡ ತಿರುಗುವುದು ಇದರಿಂದಲೇ. ಇಂಜಿನು ಚಾಲೂ ಆಗಿ, ಎರಡು ಮೂರು ನಿಮಿಷ ಕಳೆದು, ಮುಂದಿನ ದೊಡ್ಡ ದೋಣಿ ಹೊರಟ ಮೇಲೆ ಹಗ್ಗ ಬಿಡಿ.

ದಾರಿಯಲ್ಲಿ ಕೆಡುವುದು

ಮೊದಲ ಶತ್ರು ಅಂತರಗಂಗೆ ಮತ್ತು ಪ್ಲಾಸ್ಟಿಕ್. ಇಂಜಿನಿನ ಪಕ್ಕದಿಂದ ಸಣ್ಣಗೆ ಚಿಮ್ಮುವ ನೀರಿನ ಧಾರೆಯನ್ನು ಹತ್ತು ನಿಮಿಷಕ್ಕೊಮ್ಮೆ ನೋಡಿ. ಅದು ಕ್ಷೀಣಿಸಿದರೆ ನೀರೆಳೆಯುವ ಜಾಲರಿ ಮುಚ್ಚಿದೆ ಎಂದರ್ಥ. ಇಂಜಿನು ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ, ಲಂಗರು ಬಿಟ್ಟು, ಆಮೇಲೆ ಇಂಜಿನು ಎತ್ತಿ ಕಸ ತೆಗೆಯಿರಿ. ಕಸ ತೆಗೆದ ಮೇಲೂ ಧಾರೆ ಬರದಿದ್ದರೆ ಪಂಪಿನ ಇಂಪೆಲ್ಲರ್ (ನೀರನ್ನು ತಳ್ಳುವ ರಬ್ಬರ್ ಚಕ್ರ) ಹೋಗಿರಬಹುದು. ಹೆಚ್ಚುವರಿ ಇಂಪೆಲ್ಲರ್, ಪ್ರೊಪೆಲ್ಲರ್, ಸ್ಪಾರ್ಕ್ ಪ್ಲಗ್ ಜೊತೆಗಿರಲಿ. ಚೀನೀ ಬಲೆಯೋ ಗೂಟಬಲೆಯೋ ಕಂಡರೆ ಮೀನುಗಾರರತ್ತ ನೋಡಿ, ಅವರು ಕೈತೋರಿದ ಬದಿಯಿಂದ ಹೋಗಿ. ತಿರುವುಗಳಲ್ಲಿ ಬಲಬದಿಗೆ ಸರಿದು ಒಂದು ದೀರ್ಘ ಹಾರ್ನ್. ಒಂದು ಗಿಡ್ಡ ಹಾರ್ನ್ ಎಂದರೆ ಬಲಕ್ಕೆ, ಎರಡು ಎಂದರೆ ಎಡಕ್ಕೆ, ಮೂರು ಎಂದರೆ ಇಂಜಿನು ರಿವರ್ಸ್‌ನಲ್ಲಿದೆ.

ಕಾಗದಪತ್ರಕ್ಕೆ 2021ರ ಒಳನಾಡು ಹಡಗು ಕಾಯ್ದೆ ಆಧಾರ. ನೋಂದಣಿ, ಸರ್ವೆ, ವಿಮೆ, ಓಡಿಸುವವರ ಅರ್ಹತಾ ಪತ್ರ ಇವಿಷ್ಟು ಸರಿಯಿದ್ದರೆ ಒಂದು ರಾಜ್ಯದ ನೋಂದಣಿ ಇನ್ನೊಂದರಲ್ಲೂ ನಡೆಯುತ್ತದೆ.

ಹೊರಡುವ ಮೊದಲು ಇಲ್ಲೇ

ಲಾಕ್ ಇಲ್ಲದ ಊರಿನಲ್ಲಿ ಲಾಕ್ ಕಲಿಯುವುದಕ್ಕೆ ಎತ್ತರದ ಜೆಟ್ಟಿ ಸಾಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತ ಕೋಷ್ಟಕ ನೋಡಿ, ಮೊದಲ ದಿನ ನೀರು ನಿಂತ ಹೊತ್ತಿಗೆ ಹೋಗಿ; ತಣ್ಣೀರುಬಾವಿ ಫೆರಿಯ ದಾರಿ ಬಿಟ್ಟು ಆಚೆ ಜಾಗ ಹುಡುಕಿ. ಜೆಟ್ಟಿಗೆ ಬಂದು ನಿಲ್ಲುವುದು, ಹಗ್ಗ ಬಳಸುವುದು, ಹತ್ತು ನಿಮಿಷ ಗಂಟಿಲ್ಲದೆ ಹಿಡಿದು ನಿಲ್ಲುವುದು, ಬಿಡಿಸಿ ಹೊರಡುವುದು, ಇದನ್ನು ಎಡಬದಿಗೆ ಹತ್ತು ಸಲ, ಬಲಬದಿಗೆ ಹತ್ತು ಸಲ ಮಾಡಿ. ಎರಡನೇ ದಿನ ಇಳಿತದ ಮೂರನೇ ಗಂಟೆಯಲ್ಲಿ ಅದನ್ನೇ ಮತ್ತೆ ಮಾಡಿ. ನೀರಿನಿಂದ ಚಾವಣಿ ತುದಿಯವರೆಗಿನ ಎತ್ತರವನ್ನು ಟೇಪು ಹಿಡಿದು ಅಳೆದು, ದೊಡ್ಡ ಅಂಕಿಯಲ್ಲಿ ಚಕ್ರದ ಪಕ್ಕ ಬರೆದಿಡಿ. ಕಾಲುವೆಯ ತಗ್ಗು ಕಾಲುಸೇತುವೆ ಎದುರಾದಾಗ ಅಳೆಯುವಷ್ಟು ಪುರುಸೊತ್ತು ಇರುವುದಿಲ್ಲ.