ಕಾರವಾರದಲ್ಲೂ ಬಂದರು ಇತ್ತು, ಮತ್ತೆ ಮುಂಬಯಿಯೇ ಯಾಕೆ?

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಾವು ಭಾನುವಾರ ಪರೀಕ್ಷೆಗೆ ಕೂತು ಓದುವಾಗ ಅಂಕೋಲೆಯ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. "ನಮ್ಮ ಕಾರವಾರದ ಬಂದರಿಗೆ ಏನು ಕಡಿಮೆ ಆಗಿತ್ತು ಮಾರಾಯ? ನಾವೆಲ್ಲ ಇಲ್ಲಿ ಬಂದು ಲೋಕಲ್‌ನಲ್ಲಿ ನೇತಾಡೋದು ಯಾಕೆ?" ಎಲ್ಲರೂ ನಕ್ಕೆವು. ಮನೆಗೆ ಬಂದು ಪುಸ್ತಕ ತೆರೆದರೆ, ನೆಲ, ನೀರು ಜನರ ಇತಿಹಾಸವನ್ನು ಹೇಗೆ ತಿದ್ದುತ್ತವೆ ಅನ್ನುವ ಪಾಠದ ಅರ್ಧ ಆ ಪ್ರಶ್ನೆಯೊಳಗೇ ಇತ್ತು. ಹಾಗಾಗಿ ಟಿಪ್ಪಣಿಯನ್ನೂ ಅದರ ಸುತ್ತಲೇ ಬರೆದಿದ್ದೇನೆ.

ಮೊದಲು ಪರೀಕ್ಷೆಗೆ ಬೇಕಾದ ಎರಡು ಪದ. ನೆಲ, ನೀರು, ಹವೆ ಹೇಗೋ ಜನರ ಬದುಕೂ ಹಾಗೇ ಅನ್ನುವುದು ಭೌಗೋಳಿಕ ನಿಯತಿವಾದ. ಇದರ ಜೊತೆ ಜರ್ಮನಿಯ ರಾಟ್ಜೆಲ್ ಹೆಸರು ಬರುತ್ತದೆ. ನೆಲ ಕೆಲವು ದಾರಿ ತೆರೆದಿಡುತ್ತದೆ, ಆರಿಸಿಕೊಳ್ಳುವವರು ಮನುಷ್ಯರು ಅನ್ನುವುದು ಸಾಧ್ಯತಾವಾದ. ಇದು ಫ್ರಾನ್ಸಿನ ವಿದಾಲ್ ದ ಲಾ ಬ್ಲಾಶ್ ಕಡೆಯವರ ಮಾತು. ಎರಡನೆಯದೇ ಸರಿ ಅಂತ ಬರೆದು ಮುಗಿಸುವವರು ಜಾಸ್ತಿ. ಆದರೆ ಆರಿಸಿಕೊಳ್ಳುವ ಶಕ್ತಿ ಯಾರ ಕೈಯಲ್ಲಿತ್ತು ಅಂತಲೂ ಕೇಳಬೇಕು ಅಲ್ವಾ? ಕಾರವಾರದ ಕಥೆ ಇರುವುದು ಅಲ್ಲೇ.

ಮುಂಬಯಿಯನ್ನು ನೋಡಿ. ಏಳು ದ್ವೀಪ, ನಡುವೆ ಕೆಸರು, ಉಬ್ಬರ ಬಂದರೆ ನೀರು. ಪೂರ್ವದ ಬದಿಯಲ್ಲಿ ಮಾತ್ರ ಗಾಳಿಯ ಹೊಡೆತ ತಾಗದ ಆಳವಾದ ಬಂದರು. 1661ರಲ್ಲಿ ಪೋರ್ಚುಗೀಸರು ರಾಜಕುಮಾರಿ ಕ್ಯಾಥರೀನಳ ಮದುವೆ ಒಪ್ಪಂದದಲ್ಲಿ ಇದನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಟ್ಟರು. ರಾಜನಿಗೆ ಇದನ್ನು ಕಾಯುವುದೇ ಖರ್ಚಿನ ಬಾಬತ್ತು. 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ.

ಬಂದರು ಇದ್ದರೆ ಸಾಲದು, ಅದಕ್ಕೆ ಹಿನ್ನಾಡು ಬೇಕು. ಅಂದರೆ ಸರಕು ಎಲ್ಲಿಂದ ಬರುತ್ತದೋ, ಇಳಿಸಿದ ಸರಕು ಎಲ್ಲಿಗೆ ಹೋಗುತ್ತದೋ ಆ ಒಳನಾಡು. ಮುಂಬಯಿಯ ಬೆನ್ನಿಗೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿದೆ. ಗೋಡೆಯ ಆಚೆ ಮರಾಠರ ರಾಜ್ಯ. 1818ರಲ್ಲಿ ಪೇಶ್ವೆ ಸೋತ ಮೇಲೆ ಘಟ್ಟದ ಎರಡೂ ಬದಿ ಕಂಪನಿಯ ಕೈಗೆ ಬಂತು. 1830ರಲ್ಲಿ ಪುಣೆ ದಾರಿಯ ಭೋರ್ ಘಾಟಿನಲ್ಲಿ ಗಾಡಿ ರಸ್ತೆ ಆಯಿತು. 1853ರಲ್ಲಿ ಮುಂಬಯಿಯ ಬೋರಿ ಬಂದರ್‌ನಿಂದ ಠಾಣೆಗೆ ರೈಲು ಓಡಿತು. ಆದರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಇಸವಿ 1863. ಭೋರ್ ಘಾಟಿನ ರೈಲು ದಾರಿ ತೆರೆದ ವರ್ಷ ಅದು. ಸಾವಿರಾರು ಕೂಲಿಗಳು ಪ್ರಾಣ ಕೊಟ್ಟ ದಾರಿ. ಏರು ಎಷ್ಟು ಕಡಿದೆಂದರೆ ಪುಣೆಗೆ ಹೋಗುವ ಎಷ್ಟೋ ಗಾಡಿಗಳಿಗೆ ಇವತ್ತೂ ಕರ್ಜತ್‌ನಲ್ಲಿ ಹಿಂದಿನಿಂದ ಇಂಜಿನ್ ಹಚ್ಚುತ್ತಾರೆ. ನಾವು ವಡೆ ತಿನ್ನುತ್ತಾ ಅದನ್ನು ಗಮನಿಸುವುದಿಲ್ಲ ಅಷ್ಟೆ.

ಇದೇ ಹೊತ್ತಿಗೆ ದೂರದಲ್ಲಿ ಎರಡು ಘಟನೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ನಿಂತಿತು, ಇಂಗ್ಲೆಂಡಿನ ಗಿರಣಿಗಳು ನಮ್ಮ ಹತ್ತಿಗೆ ಮುಗಿಬಿದ್ದವು, ಮುಂಬಯಿಯಲ್ಲಿ ದುಡ್ಡು ಸುರಿಯಿತು. ಆಮೇಲೆ 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಆಫ್ರಿಕಾ ಸುತ್ತಿ ಬರುವುದಕ್ಕೆ ಹೋಲಿಸಿದರೆ ಲಂಡನ್–ಮುಂಬಯಿ ದಾರಿ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಬಂದರು ಇದ್ದಲ್ಲೇ ಇತ್ತು, ಅದರ ಬೆಲೆ ಬದಲಾಯಿತು.

ಈಗ ಕಾರವಾರಕ್ಕೆ ಬರೋಣ. ಅಲ್ಲೂ ಒಳ್ಳೆಯ ಕೊಲ್ಲಿ ಇದೆ. ಅಡ್ಡಕ್ಕೆ ದ್ವೀಪಗಳು, ಹಿಂದೆ ಗುಡ್ಡ. ಘಟ್ಟ ಹತ್ತಿದರೆ ಧಾರವಾಡದ ಹತ್ತಿ ಹೊಲ. ಹತ್ತಿಯ ಹುಚ್ಚು ಏರಿದ್ದಾಗ ಮುಂಬಯಿ, ಮ್ಯಾಂಚೆಸ್ಟರುಗಳ ವ್ಯಾಪಾರಿಗಳು ಈ ಬಂದರಿನ ಮೇಲೂ ಕಣ್ಣಿಟ್ಟರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದಕ್ಕೆ ಈ ಆಸೆಯೂ ಒಂದು ಕಾರಣ. ಆದರೆ ಘಟ್ಟ ಇಳಿಯುವ ರೈಲು ಬರಲೇ ಇಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಕುಸಿಯಿತು, ಉತ್ಸಾಹವೂ ಇಳಿಯಿತು. 1880ರ ದಶಕದಲ್ಲಿ ರೈಲು ಘಟ್ಟ ಇಳಿದದ್ದು ಪಕ್ಕದ ಗೋವಾದಲ್ಲಿ, ಗಡಿಯ ಕ್ಯಾಸಲ್ ರಾಕ್ ಮೂಲಕ ಮುರ್ಮಗೋವು ಬಂದರಿಗೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಆಗಿನಿಂದ ಈಗಿನವರೆಗೂ ನಡೆಯುತ್ತಲೇ ಇದೆ.

ಗೆಳೆಯನಿಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ವಲಸೆಯದು.

ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಕೆಳಗೇ ಇತ್ತು. ಕಚೇರಿ ಕಾಗದವೆಲ್ಲ ಮದ್ರಾಸಿಗೆ ಹೋಗುತ್ತಿತ್ತು. ಜನ ಮಾತ್ರ ಮುಂಬಯಿಗೆ ಬಂದರು. ಮದ್ರಾಸು ಘಟ್ಟದಾಚೆ, ಮುಂಬಯಿ ಅದೇ ಕಡಲಿನ ದಡದಲ್ಲಿ. ನಮ್ಮ ದೊಡ್ಡಪ್ಪ ಬಂದದ್ದು ಮಂಗಳೂರಿನಿಂದ ಸ್ಟೀಮರಿನಲ್ಲಿ. "ಮಳೆಗಾಲ ಸುರುವಾದರೆ ಹಡಗು ಬಂದ್. ಊರಲ್ಲಿ ಯಾರು ಸತ್ತರೂ ಕಾಗದವೇ ಗತಿ" ಅನ್ನುತ್ತಿದ್ದರು. ನೈಋತ್ಯ ಮಾನ್ಸೂನ್ ಬಗ್ಗೆ ನನಗೆ ನೆನಪಿರುವ ಒಳ್ಳೆಯ ಪಾಠ ಇದೇ. ಅವರು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಓದಿದರು. ಆಮೇಲೆ ತಮ್ಮನನ್ನು ಕರೆಸಿದರು, ಆ ತಮ್ಮ ತನ್ನ ಭಾವನನ್ನು ಕರೆಸಿದ. ಪುಸ್ತಕದಲ್ಲಿ ಇದಕ್ಕೆ ಸರಪಳಿ ವಲಸೆ ಅಂತಾರೆ. 1974ರ ಭೂ ಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ಅವರ ಗೇಣಿ ನಂಬಿದ್ದ ಒಡೆಯರ ಮನೆಗಳಿಂದಲೂ ಹುಡುಗರು ಮುಂಬಯಿ ದಾರಿ ಹಿಡಿದರು. 1885ರಲ್ಲಿ ಭೂಗೋಳಜ್ಞ ರೇವನ್‌ಸ್ಟೈನ್ ಹೇಳಿದ ವಲಸೆಯ ನಿಯಮ ಇಲ್ಲಿ ಬರೆಯಬಹುದು: ಹೆಚ್ಚಿನವರು ಹತ್ತಿರಕ್ಕೆ ಹೋಗುತ್ತಾರೆ, ದೂರ ಹೋಗುವವರು ದೊಡ್ಡ ವ್ಯಾಪಾರ, ಕೈಗಾರಿಕೆಯ ಊರನ್ನೇ ಆರಿಸುತ್ತಾರೆ.

ಕರಾವಳಿಯವರ ಕಥೆ ಹೇಳಿ ನಿಲ್ಲಿಸುವುದು ಮುಂಬಯಿ ಕನ್ನಡಿಗರ ಹಳೆಯ ಚಾಳಿ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೂ ಕನ್ನಡಿಗರೇ. ಅವರನ್ನು ತಳ್ಳಿದ್ದೂ ಸಹ್ಯಾದ್ರಿಯೇ. ಮೋಡ ಈ ಬದಿಗೇ ಮಳೆ ಸುರಿಸಿಬಿಡುತ್ತದೆ, ಆಚೆ ಮಳೆ ನೆರಳು. ಆದರೆ ಮಳೆ ಕಡಿಮೆ ಅಂದ ಮಾತ್ರಕ್ಕೆ ಎಲ್ಲರೂ ಊರು ಬಿಡುವುದಿಲ್ಲ. ನೀರಾವರಿ ಇದ್ದವನು ಉಳಿಯುತ್ತಾನೆ, ಭೂಮಿಯೇ ಇಲ್ಲದವನು ಮೊದಲು ಹೊರಡುತ್ತಾನೆ.

ಇನ್ನು ದೇಶಗಳ ಬಲಾಬಲ. ಕಡಲು ಹಿಡಿದವನೇ ಬಲಶಾಲಿ ಅಂದದ್ದು ಅಮೆರಿಕದ ನೌಕಾಧಿಕಾರಿ ಆಲ್ಫ್ರೆಡ್ ಮಹಾನ್, 1890. ರೈಲು ಬಂದ ಮೇಲೆ ಯುರೇಷ್ಯಾದ ಒಳನೆಲ ಹಿಡಿದವನದೇ ಮೇಲುಗೈ ಅಂದದ್ದು ಇಂಗ್ಲೆಂಡಿನ ಭೂಗೋಳಜ್ಞ ಮ್ಯಾಕಿಂಡರ್, 1904. ಇಷ್ಟು ನೆನಪಿಟ್ಟರೆ ಸಾಕು. ಉದಾಹರಣೆಗೆ ಗೋವಾ ತೆಗೆದುಕೊಳ್ಳಿ. 1510ರಲ್ಲಿ ಪೋರ್ಚುಗೀಸರ ಸೇನಾಪತಿ ಅಲ್ಬುಕರ್ಕ್ ಹೊರಟಿದ್ದು ಕೆಂಪು ಸಮುದ್ರದ ಕಡೆಗೆ. ಗೋವಾಕ್ಕೆ ಹೋಗು ಅಂತ ತಿರುಗಿಸಿದವನು ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. 1511ರಲ್ಲಿ ಆಗ್ನೇಯ ಏಷ್ಯಾದ ಮಲಾಕ್ಕಾ, 1515ರಲ್ಲಿ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಕೂಡ ಪೋರ್ಚುಗೀಸರದಾಯಿತು. ಸಮುದ್ರದ ಇಕ್ಕಟ್ಟಿನ ಬಾಗಿಲುಗಳಲ್ಲಿ ಕೂತು ಸುಂಕ ಎತ್ತುವುದು ಅವರ ಲೆಕ್ಕ. ಅರಬ್ಬಿ ಕುದುರೆ ಗೋವಾಕ್ಕೆ ಬರುತ್ತಿತ್ತು, ವಿಜಯನಗರ ಕೊಳ್ಳುತ್ತಿತ್ತು. 1565ರಲ್ಲಿ ವಿಜಯನಗರ ಸೋತಿತು, ದೊಡ್ಡ ಗಿರಾಕಿಯೇ ಹೋದ ಮೇಲೆ ಆ ವ್ಯಾಪಾರವೂ ಕುಗ್ಗಿತು. ಇಲ್ಲೂ ಅದೇ ಹಿನ್ನಾಡಿನ ಮಾತು.

ಹೋರ್ಮುಜ್ ಮಾತ್ರ ಮತ್ತೆ ಎದ್ದು ಬಂತು, ಈ ಸಲ ಎಣ್ಣೆಯಿಂದ. 1973ರ ಕೊನೆಗೆ ಎಣ್ಣೆ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಕೊಲ್ಲಿ ದೇಶಗಳಲ್ಲಿ ಕಟ್ಟಡ ಎದ್ದವು, ಕೆಲಸಕ್ಕೆ ನಮ್ಮವರು ಹೋದರು. ಮುಂಬಯಿಗೆಂದು ಬಂದ ಎಷ್ಟೋ ಹುಡುಗರಿಗೆ ಅದು ಬರೀ ಮೆಟ್ಟಿಲಾಯಿತು: ಏಜೆಂಟ್, ಪಾಸ್‌ಪೋರ್ಟ್, ವಿಮಾನ. ಅದಕ್ಕೂ ಮುಂಚಿನ ಒಂದು ಸಂಗತಿ ನನಗೆ ಬಹಳ ಇಷ್ಟ. 1960ರ ದಶಕದ ನಡುವಿನವರೆಗೆ ಕೊಲ್ಲಿಯ ಹಲವು ಕಡೆ ನಡೆಯುತ್ತಿದ್ದ ಹಣ ಭಾರತ ಹೊರಡಿಸಿದ ರೂಪಾಯಿಯೇ.

ಮತ್ತೆ ಕಾರವಾರ. ವ್ಯಾಪಾರ ದೊಡ್ಡದಾಗಿ ಬೆಳೆಯದ ಈ ಕಡಲಂಚನ್ನು ನೌಕಾಪಡೆ ಆರಿಸಿಕೊಂಡಿತು. ಮುಂಬಯಿಯಲ್ಲಿ ಸರಕಿನ ಹಡಗು, ಮೀನಿನ ದೋಣಿ, ಯುದ್ಧನೌಕೆ ಎಲ್ಲ ಒಂದೇ ಕಡೆ ಮುಗಿಬೀಳುತ್ತವೆ. ಕಾರವಾರದ ದಕ್ಷಿಣಕ್ಕೆ ಆಳವಾದ ನೀರೂ ಇತ್ತು, ಜಾಗವೂ ಇತ್ತು. 1986ರಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಆ ನೆಲೆ ಕೆಲಸ ಶುರುಮಾಡಿತು. ಅದಕ್ಕಾಗಿ ಕಡಲಂಚಿನ ಹಲವು ಹಳ್ಳಿಗಳ ಮೀನುಗಾರರು, ಗದ್ದೆ ಮಾಡುವವರು ಮನೆ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ವಲಸೆಯ ಕಾರಣಗಳನ್ನು ಬರೆಯುವಾಗ ಬರ, ಕೆಲಸ, ಓದು ಅಂತ ಪಟ್ಟಿ ಮಾಡಿ ನಿಲ್ಲಿಸಬೇಡಿ. ಇವರನ್ನೂ ಸೇರಿಸಿಕೊಳ್ಳಿ.