ಬೆಟ್ಟದ ಮೇಲಿನ ಊರಲ್ಲಿ ನೀರು ನಿಲ್ಲುವುದೇಕೆ?

ಪ್ರಶ್ನೆ: ಮೂವತ್ತು ವರ್ಷದಿಂದ ಉದಕಮಂಡಲದಲ್ಲಿದ್ದೇವೆ. ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿರುವ ಊರು. ಬಿದ್ದ ಮಳೆಯೆಲ್ಲ ಇಳಿದುಹೋಗಬೇಕಲ್ಲವೇ? ಬಸ್ ನಿಲ್ದಾಣದ ಸುತ್ತ ನೀರು ಏಕೆ ನಿಲ್ಲುತ್ತದೆ? ದೊಡ್ಡ ಮಳೆಯನ್ನು ನಮ್ಮೂರು ತಾಳೀತೇ ಎಂದು ತಿಳಿಯುವುದು ಹೇಗೆ?

ಉತ್ತರ: ಊರು ಎತ್ತರದಲ್ಲಿದೆ ನಿಜ, ಪೇಟೆ ಮಾತ್ರ ಬಟ್ಟಲಿನ ತಳದಲ್ಲಿದೆ. ಸುತ್ತ ದೊಡ್ಡಬೆಟ್ಟ, ಎಲ್ಕ್ ಹಿಲ್, ಫರ್ನ್ ಹಿಲ್. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ ಹಳ್ಳಕ್ಕೆ ಅಡ್ಡಕಟ್ಟೆ ಹಾಕಿಸಿ ಕೆರೆ ಮಾಡಿಸಿದ್ದು ಈ ತಗ್ಗಿನಲ್ಲೇ. ಆಗಿನ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದು. ಬಸ್ ನಿಲ್ದಾಣ ಇರುವುದೂ ಕುದುರೆ ರೇಸಿನ ಮೈದಾನ ಇದ್ದದ್ದೂ ಹಳೆಯ ಕೆರೆಯಂಗಳದಲ್ಲಿ.

ಇಳಿಜಾರಿನ ಊರಲ್ಲಿ ಮೊದಲು ಲೆಕ್ಕ ಹಾಕಬೇಕಾದ್ದು ನೀರಿನ ವೇಗ. ಒಂದು ಹೆಕ್ಟೇರಿನ ಮೇಲೆ ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಬೀಳುವ ನೀರು 5 ಲಕ್ಷ ಲೀಟರ್. ಅಲ್ಲಿ ಕಣಿವೆಗಳ ದಟ್ಟ ಶೋಲಾ ಕಾಡೋ ಹುಲ್ಲುಗಾವಲೋ ಇದ್ದರೆ ಬಹಳಷ್ಟನ್ನು ಮಣ್ಣು ಕುಡಿದು ನಿಧಾನವಾಗಿ ಬಿಡುತ್ತದೆ. ಸಿಮೆಂಟು, ಶೀಟು, ಡಾಂಬರಾದರೆ ಹತ್ತರಲ್ಲಿ ಒಂಬತ್ತು ಪಾಲು ಕೆಲವೇ ನಿಮಿಷದಲ್ಲಿ ಕೆಳಗಿನ ಮೋರಿಗೆ ಬಂದು ಬೀಳುತ್ತದೆ. ಜೊತೆಗೆ ಗುಡ್ಡ ಕಡಿದ ಮಣ್ಣು, ಪ್ಲಾಸ್ಟಿಕ್ಕು. ಆದ್ದರಿಂದ ಪೇಟೆಯ ನೀರನ್ನು ಕೆರೆಗೆ ಒಯ್ಯುವ ಕೋಡಪ್ಪಮಂದ್ ಕಾಲುವೆಯಂಥದ್ದನ್ನು ನೋಡುವಾಗ ಅಗಲ ಅಳೆದರೆ ಸಾಲದು, ಅರ್ಧ ಹೂಳು ತುಂಬಿದಾಗ ಎಷ್ಟು ಸಾಗಿಸುತ್ತದೆ ಎಂದು ನೋಡಬೇಕು.

ನೀಲಗಿರಿ ಜಿಲ್ಲೆಯ ಸರಾಸರಿ ಮಳೆ ನಂಬಿ ಕೂರುವಂತಿಲ್ಲ. ಊಟಿಗೆ ವರ್ಷವಿಡೀ ಬೀಳುವುದು ಸುಮಾರು 1,200 ಮಿ.ಮೀ. 2019ರ ಆಗಸ್ಟಿನಲ್ಲಿ ಹತ್ತಿರದ ಅವಲಾಂಚಿಯಲ್ಲಿ ಒಂದೇ ದಿನ 900 ಮಿ.ಮೀ. ದಾಟಿತು. 2009ರ ನವೆಂಬರಿನಲ್ಲಿ ಕೂನೂರು ದಾರಿಯ ಕೇತಿಯಲ್ಲಿ ದಿನವೊಂದಕ್ಕೆ 820 ಮಿ.ಮೀ. ಸುರಿಯಿತು, ಗುಡ್ಡ ಕುಸಿದು ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ತೀರಿಹೋದರು. ಅದು ಹಿಂಗಾರು. ಮೊದಲೇ ನೆಂದ ಮಣ್ಣು ಹೆಚ್ಚು ಹೀರಲಾರದು. ಮುಂಗಾರಿಗೆ ಮುನ್ನ ಒಮ್ಮೆ ಹೂಳೆತ್ತಿ ಕೈತೊಳೆದುಕೊಳ್ಳುವ ಊರನ್ನು ಸಿದ್ಧವಾಗಿದೆ ಎಂದು ನಾನು ಒಪ್ಪುವುದಿಲ್ಲ.

ಆಮೇಲೆ ಚೇತರಿಕೆ. ನನ್ನ ಮಟ್ಟಿಗೆ ಇದೇ ದೊಡ್ಡದು. ಮೆಟ್ಟುಪಾಳ್ಯಕ್ಕೆ ಇಳಿಯಲು ಕೂನೂರು, ಕೋತಗಿರಿ ದಾರಿಗಳು. ಮೈಸೂರು ಕಡೆಗೆ ಗೂಡಲೂರು, ಕಲ್ಲಟ್ಟಿ. ಒಟ್ಟಿಗೆ ಎರಡು ಮುಚ್ಚಿದರೆ ಡಯಾಲಿಸಿಸ್ ಬೇಕಾದವರು ಎಲ್ಲಿಗೆ ಹೋಗಬೇಕು? ಔಷಧಿ ಎಷ್ಟು ದಿನಕ್ಕಿದೆ? ಇಳಿಜಾರಿನ ಲೈನ್‌ಮನೆಗಳಲ್ಲಿರುವ ಟೀ ತೋಟದ ಕೂಲಿಕಾರರನ್ನು ನಡುರಾತ್ರಿ ಎಬ್ಬಿಸುವವರು ಯಾರು, ಎಬ್ಬಿಸಿ ಕರೆದೊಯ್ಯುವುದು ಯಾವ ಶಾಲೆಗೆ? ಹೆಸರು ಹಿಡಿದು ಉತ್ತರ ಹೇಳುವವರು ವಾರ್ಡಿನಲ್ಲಿ ಇರಬೇಕು.

ನೀವೂ ಒಂದು ಪುಸ್ತಕ ಇಡಿ. ಜೋರು ಮಳೆ ಶುರುವಾದ ಹೊತ್ತು, ನೀರು ರಸ್ತೆಗೆ ಏರಿದ ಹೊತ್ತು, ಇಳಿದ ಹೊತ್ತು ಬರೆಯಿರಿ. ಅಷ್ಟೇ ಜೋರಿನ ಮಳೆಗೆ ನೀರು ವರ್ಷದಿಂದ ವರ್ಷಕ್ಕೆ ಬೇಗ ಏರುತ್ತಿದ್ದರೆ ಮೊದಲು ಮೇಲಿನ ಇಳಿಜಾರನ್ನು ನೋಡಿ, ಅಲ್ಲಿ ಸಿಮೆಂಟು ಹೆಚ್ಚಿರಬಹುದು. ತಡವಾಗಿ ಇಳಿಯುತ್ತಿದ್ದರೆ ಕೆಳಗಿನ ಕಾಲುವೆಯಲ್ಲಿ ಹೂಳು ತುಂಬಿರಬಹುದು.