ಪಿ ವ್ಯಾಲ್ಯೂ 0.058 ಬಂದರೆ ಏನು ಬರೆಯಬೇಕು?

ಪ್ರಾಜೆಕ್ಟ್ ಸಮಯ ಬಂತೆಂದರೆ ಹಾಸನದ ಸೈಕಾಲಜಿ ವಿದ್ಯಾರ್ಥಿಗಳದ್ದು ಹೆಚ್ಚಾಗಿ ಒಂದೇ ದೂರು: ‘ಮೇಡಂ, ಸಿಗ್ನಿಫಿಕೆಂಟ್ ಬರ್ತಾನೇ ಇಲ್ಲ.’ ಲೆಕ್ಕ ತಪ್ಪಿರುವುದಿಲ್ಲ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶವನ್ನು ‘ಸಿಗ್ನಿಫಿಕೆಂಟ್’ ಎನ್ನುವುದು ರೂಢಿ. ಇವರದ್ದು ಅದಕ್ಕಿಂತ ಚೂರು ಜಾಸ್ತಿ ಇರುತ್ತದೆ, ಅಷ್ಟೇ.

ಒಂದು ಉದಾಹರಣೆ ನೋಡೋಣ. ಆಲೂರು, ಸಕಲೇಶಪುರದಿಂದ ದಿನಾ ಬಸ್ಸಿನಲ್ಲಿ ಬರುವ 30 ವಿದ್ಯಾರ್ಥಿಗಳು, ಇಲ್ಲೇ ಹಾಸ್ಟೆಲ್‌ನಲ್ಲಿರುವ 30 ವಿದ್ಯಾರ್ಥಿಗಳು. ಎಲ್ಲರಿಗೂ ಪರೀಕ್ಷೆಯ ಭಯ ಅಳೆಯುವ ಒಂದೇ ಪ್ರಶ್ನಾವಳಿ ಕೊಟ್ಟಿರಿ ಅಂದುಕೊಳ್ಳಿ. ಸರಾಸರಿ 24 ಮತ್ತು 21 ಬಂತು. ಎರಡೂ ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ) 6. ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮಾಡಿದರೆ ಟಿ 1.94, ಪಿ ಸುಮಾರು 0.058.

ಇದರ ಅರ್ಥ ಇಷ್ಟು: ನಿಜದಲ್ಲಿ ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ ಸುಮಾರು ಆರು ಸಲ ಸುಮ್ನೆ ಸ್ಯಾಂಪಲ್‌ನ ಏರುಪೇರಿನಿಂದಲೇ ಬರುತ್ತದೆ. ‘ನನ್ನ ಊಹೆ ಶೇ 94ರಷ್ಟು ಸರಿ’ ಅಂತಲ್ಲ. ವೈವಾದಲ್ಲಿ ತುಂಬಾ ಜನ ಜಾರುವುದು ಇಲ್ಲೇ. ‘ವ್ಯತ್ಯಾಸ ಇಲ್ಲವೆಂದು ಸಾಬೀತಾಯಿತು’ ಅಂತಲೂ ಅಲ್ಲ.

ಸರಾಸರಿ, ಡೀವಿಯೇಶನ್ ಹಾಗೇ ಇರಲಿ, ಗುಂಪಿಗೆ 60 ಮಂದಿ ಮಾಡಿ ನೋಡಿ. ಪಿ 0.007ಕ್ಕೆ ಇಳಿಯುತ್ತದೆ. ಗುಂಪಿಗೆ 2000 ಮಂದಿ ಇದ್ದರೆ ಬರೀ ಅರ್ಧ ಅಂಕದ ಅಂತರಕ್ಕೂ ಪಿ 0.008ರ ಆಸುಪಾಸು ಬರುತ್ತದೆ. ಎರಡು ಪಿಗಳೂ ಹೆಚ್ಚುಕಡಿಮೆ ಒಂದೇ. ಆದರೆ ಅರ್ಧ ಅಂಕದಿಂದ ಯಾರ ಭಯ ಜಾಸ್ತಿಯಾಯಿತು ಹೇಳಿ? ಅದಕ್ಕೇ ಎಫೆಕ್ಟ್ ಸೈಜ್ (ಅಂತರ ಎಷ್ಟು ದೊಡ್ಡದು ಎನ್ನುವ ಅಳತೆ, ಚಿಹ್ನೆ ಡಿ) ಕೊಡಿ ಎಂದು ಪೀಡಿಸುತ್ತೇನೆ. 3 ಅಂಕದ ಅಂತರವನ್ನು 6ರಿಂದ ಭಾಗಿಸಿದರೆ 0.5. ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ ಹಾಕಿಕೊಟ್ಟ ಅಳತೆಯಲ್ಲಿ ಇದು ಮಧ್ಯಮ. ಅರ್ಧ ಅಂಕದ್ದು 0.08. ಅವರು ‘ಸಣ್ಣದು’ ಎಂದ 0.2ರ ಅರ್ಧವೂ ಆಗಲಿಲ್ಲ.

ಇನ್ನು ಆ 0.05ರ ಗೆರೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಹೇಳಿದ್ದು ಅದು. ಗೆರೆ ದಾಟಿಸಲೇಬೇಕೆಂದು ಹಟ ಹಿಡಿದರೆ ಕೆಟ್ಟ ಚಾಳಿ ಶುರುವಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಹಾಕಿ ನೋಡಿ. ಎಲ್ಲೂ ಏನೂ ಇಲ್ಲದಿದ್ದರೂ ಒಂದಾದರೂ ‘ಸಿಗ್ನಿಫಿಕೆಂಟ್’ ಆಗುವ ಸಾಧ್ಯತೆ ಶೇ 64. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ 97 ಸಿಗ್ನಿಫಿಕೆಂಟ್ ಆಗಿದ್ದವು, ಮರುಪ್ರಯೋಗದಲ್ಲಿ ಶೇ 36 ಮಾತ್ರ. ಇದಕ್ಕೆ ಕಾರಣ ಹಲವು. ಈ ಚಾಳಿಯೂ ಅದರಲ್ಲೊಂದು ಎಂದು ನನ್ನ ಅಭಿಪ್ರಾಯ.

ಹಾಗಾದರೆ 0.058ಕ್ಕೆ ಏನು ಬರೆಯುವುದು? ಇದ್ದದ್ದನ್ನು ಇದ್ದ ಹಾಗೆ: ಟಿ(58) = 1.94 (58 ಎಂದರೆ ಒಟ್ಟು 60 ಮಂದಿಯಲ್ಲಿ ಗುಂಪಿಗೆ ಒಂದರಂತೆ 2 ಕಳೆದದ್ದು), ಪಿ = 0.058, ಡಿ = 0.5, ಅಂತರದ ಶೇ 95 ಕಾನ್ಫಿಡೆನ್ಸ್ ಇಂಟರ್ವಲ್ (ಈ ಅಂಕಗಳಿಗೆ ಹೊಂದುವ ನಿಜವಾದ ಅಂತರಗಳ ವ್ಯಾಪ್ತಿ) -0.1ರಿಂದ 6.1. ಈ ಇಂಟರ್ವಲ್ ನೋಡಿದವರಿಗೆ ಸೊನ್ನೆಯೂ ಒಳಗಿದೆ, 6 ಅಂಕವೂ ಒಳಗಿದೆ ಎಂದು ಗೊತ್ತಾಗುತ್ತದೆ. ‘ಹತ್ತಿರ ಹತ್ತಿರ ಸಿಗ್ನಿಫಿಕೆಂಟ್’ ಅನ್ನುವ ಮಾತು ಬೇಡ. ಇನ್ನೂ ಹತ್ತು ಜನರನ್ನು ಸೇರಿಸಿ ಟೆಸ್ಟ್ ಹಾಕಿ, ಬರುವವರೆಗೂ ಸೇರಿಸುತ್ತಾ ಹೋಗುವುದಂತೂ ಬೇಡವೇ ಬೇಡ. ಎಷ್ಟು ಜನ ಬೇಕು ಅನ್ನುವುದು ಫಾರಂ ಹಂಚುವ ಮೊದಲೇ ತೀರ್ಮಾನ ಆಗಬೇಕು. 0.5ರಷ್ಟು ಪರಿಣಾಮವನ್ನು ಶೇ 80 ಪವರ್‌ನಲ್ಲಿ ಹಿಡಿಯಬೇಕಾದರೆ (ಅಂದರೆ ಪರಿಣಾಮ ನಿಜಕ್ಕೂ ಇದ್ದಾಗ ನೂರಕ್ಕೆ 80 ಸಲ ಸಿಗ್ನಿಫಿಕೆಂಟ್ ಬರಬೇಕಾದರೆ) ಗುಂಪಿಗೆ 64 ಮಂದಿ ಬೇಕು.